ನಾಟಿಯ ಪದ ಹಾಕದ ಲಾರಿ

ವೇದಿಕೆಯಲ್ಲಿರುವ ಅಧ್ಯಕ್ಷರೇ, ಅತಿಥಿಗಳೇ, ನಮಗೆ ಲಾರಿ ಕಲಿಸಿದ ಮಾಬ್ಲ ಮಾಸ್ತರೇ, ಹಿಂದಿನ ಸಾಲಿನಲ್ಲಿ ಕುಳಿತಿರುವ ನನ್ನ ಅವ್ವಿಯೇ, ಸಭಿಕರೇ,

ಭಾರೀ ವಾಹನದ ತರಬೇತಿ ಮುಗಿಸಿದವರ ಪರವಾಗಿ ಮಾತಾಡು ಎಂದು ಮಾಸ್ತರು ಹೇಳಿದ್ದಾರೆ. ನಾನು ಶಿರಾಲಿಯ ಅರ್ಚನಾ. ಐದನೆಯ ತರಗತಿಗೇ ಶಾಲೆ ಬಿಟ್ಟವಳು. ಲಾರಿಯ ಕನ್ನಡಿಯಲ್ಲಿ ಜನ ಚಿಕ್ಕವರಾಗಿ ಕಾಣುತ್ತಾರೆ. ಈ ಮೈಕಿನ ಮುಂದೆ ನೀವೆಲ್ಲ ಬಹಳ ದೊಡ್ಡವರಾಗಿ ಕಾಣುತ್ತಿದ್ದೀರಿ.

ರಸ್ತೆ ಸುರಕ್ಷತೆ ಎಂದರೇನು? ಬೆಲ್ಟು, ಬ್ರೇಕು, ವೇಗದ ಬಗ್ಗೆ ಅತಿಥಿಗಳು ಹೇಳಿದರು. ನಾನು ಒಂದು ಪದದ ಬಗ್ಗೆ ಹೇಳುತ್ತೇನೆ. ನಮ್ಮಲ್ಲಿ ಹಾಡಿಗೆ ಪದ ಎನ್ನುತ್ತೇವೆ.

ನನ್ನ ಹೆತ್ತ ಅವ್ವಿ ನಾಗಮ್ಮ ನಾಟಿಯ ಪದ ಹಾಡುವವಳು. ಅವಳು ಒಂದು ಸಾಲು ಎತ್ತಿದರೆ ಗದ್ದೆಯ ಹೆಂಗಸರು ಅದನ್ನೇ ತಿರುಗಿ ಹೇಳುತ್ತಾರೆ, ಸಸಿ ಊರುತ್ತಾರೆ, ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ನಾನು ಲಾರಿ ಕಲಿಯಲು ಹೊರಟಾಗ ಅವಳು ನನ್ನ ಫೋನಿಗೆ ಪದ ಹಾಡಿ ರೆಕಾರ್ಡ್ ಮಾಡಿಕೊಟ್ಟಳು. "ಇದ ಹಾಕ್ಕಂಡೇ ಹೊಡಿ. ಇಡೀ ದಿನ ಬಗ್ಗಿ ನೆಟ್ರೂ ನಂಗೆ ನಿದ್ದೆ ಬಂದಿತ್ತಾ? ಪದ ಇಲ್ದೆ ಲಾರಿ ಹತ್ತೂದು ಬೇಡ," ಅಂದಳು. "ಆತು," ಅಂದೆ.

ಕಲಿಯುವಾಗ ಒಂದು ಮಧ್ಯಾಹ್ನ ಮಾಸ್ತರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊನ್ನಾವರದಿಂದ ಕುಮಟಾ ಕಡೆ ಲಾರಿ ಹೊಡೆಯುತ್ತಿದ್ದೆ. ಪದ ಹಾಕಿದ್ದೆ. ಬಿಸಿಲಿಗೆ ಡಾಂಬರು ನೀರು ನಿಂತ ಗದ್ದೆಯಂತೆ ಹೊಳೆಯಿತು. ನಡುವಿನ ಬಿಳಿ ಪಟ್ಟಿಗಳು ಸಸಿಗಳಂತೆ ಒಂದೊಂದಾಗಿ ಬಂದವು. ನಾನು ಅವ್ವಿಯ ಸಾಲನ್ನು ತಿರುಗಿ ಹೇಳುತ್ತಿದ್ದೆ. ಪಾದಕ್ಕೆ ತಂಪು ಕೆಸರು ತಾಗಿತು. ಕಣ್ಣು ತೆರೆದೇ ಇತ್ತು, ಸಭಿಕರೇ. ನಾನು ಮಾತ್ರ ರಸ್ತೆಯಲ್ಲಿರಲಿಲ್ಲ.

ಮಾಸ್ತರು ತಮ್ಮ ಕಡೆಯ ಬ್ರೇಕು ಒತ್ತಿದರು. ಎದುರಿಗೆ ಮೀನಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ನಿಂತಿದ್ದಳು. "ನಿನ್ನ ಕಣ್ಣಿಗಿಂತ ನನ್ನ ಬಂಗಡೆ ಕಣ್ಣಲ್ಲೇ ಜೀವ ಜಾಸ್ತಿ ಅದೆ," ಅಂದಳು.

ಮಾಸ್ತರು ಬೈಯಲಿಲ್ಲ. "ಎಂತ ಮಾರಾಯ್ತಿ, ಗದ್ದೆಗೆ ಇಳ್ದೆಯಾ? ಅಲ್ಲಿ ಹೆಜ್ಜೆ ಹಿಂದೆ ಹೋಗ್ತದೆ. ಇದು ಮುಂದೆ ಹೋಗೂದು," ಅಂದರು.

ನಾಳೆ ಮುರ್ಡೇಶ್ವರದಿಂದ ಮೀನಿನ ಲಾರಿ ಹೊರಡಿಸಬೇಕು. ಅದು ನನ್ನ ಮೊದಲ ಕೆಲಸ. ಅವ್ವಿ ಹೊಸದೊಂದು ಪದ ಫೋನಿಗೆ ಹಾಡಿಟ್ಟಿದ್ದಾಳೆ. ಬೇಡ ಎಂದರೆ ಕಳಿಸುವವಳಲ್ಲ. ಮನೆಯಲ್ಲಿ ಹೇಳಲು ನಾಲಿಗೆ ಏಳಲಿಲ್ಲ. ಅದಕ್ಕೇ ಇಲ್ಲಿ ಹೇಳುತ್ತೇನೆ.

ಅವ್ವಿ, ಓಡೋ ಲಾರಿಲಿ ನಿನ್ನ ಪದ ಹಾಕೂದಿಲ್ಲ. ಪದ ಕೆಟ್ಟದ್ದಂತ ಅಲ್ಲ. ಅದು ನನ್ನ ಕರ್ಕಂಡು ಹೋಗ್ತದೆ. ಲಾರಿ ನಿಲ್ಸಿ, ಕೀಲಿ ತೆಗ್ದು ಫೋನ್ ಮಾಡ್ತೆ. ನೀ ಸಾಲು ಎತ್ತು, ನಾ ತಿರುಗಿ ಹೇಳ್ತೆ. ಕಳಿಸ್ತ್ಯಾ?

ಅವಳು ನೆಲ ನೋಡುತ್ತಿದ್ದಾಳೆ.

ಈಗ ಸೆರಗಿನಿಂದ ಮೂಗು ಒರೆಸಿಕೊಂಡು, ಹೋಗು ಎಂದು ಕೈ ಬೀಸಿದಳು. ಮಾಸ್ತರೇ, ನೀವೂ ನೋಡಿದಿರಲ್ಲ? ಮನೆಗೆ ಹೋದ ಮೇಲೆ ಇಲ್ಲ ಎಂದರೆ ನೀವೇ ಸಾಕ್ಷಿ.

ಇಷ್ಟು ಹೊತ್ತು ಕೂತು ಕೇಳಿದ ನಿಮಗೆಲ್ಲ ನಾನು ಋಣಿ. ನಮಸ್ಕಾರ.