ಹದಿನಾರರ ಬಾಬಾ

ಫಳ್ನೀರಿನ ಲ್ಯಾಬಿನಲ್ಲಿ ರಕ್ತ ಕೊಡಲು ಕಾಯುತ್ತಿದ್ದ ಅಶ್ಮಿತಾ, ತಾನು ಕೆಲಸ ಮಾಡುವ ಡ್ಯಾನ್ಸ್ ಶಾಲೆಯ ಪೋರ್ಟಲ್ ತೆರೆದು, ಉಚಿತ ಟ್ರಯಲ್ ಕ್ಲಾಸಿನ ಒಂದು ಅರ್ಜಿಗೆ ಒಪ್ಪಿಗೆ ಒತ್ತಿದಳು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಗಂಡ-ಹೆಂಡತಿಯ ಮೊಬೈಲು ಟಿಣ್ ಎಂದಿತು.

“ಲಯನೆಲ್, ಡ್ಯಾನ್ಸ್ ಕ್ಲಾಸಿನದ್ದು ಬಂತು. ಶನಿವಾರ ನಾಲ್ಕಕ್ಕೆ.”

“ಮೆಲ್ಲ ಹೇಳು ಡಾಲಿ. ಎಂತ ಬರೆದಿದ್ದಾರೆ?”

“ಮಕ್ಕಳ ಬ್ಯಾಚ್. ನೀರಿನ ಬಾಟ್ಲಿ ತರಬೇಕು, ಜೊತೆಗೆ ತಾಯಿ ಬರಬೇಕು.”

“ಯಾರ ತಾಯಿ?”

“ನಾನೇ ಮಾರಾಯ. ವಯಸ್ಸಿನ ಪಟ್ಟಿ ಹದಿನೆಂಟಕ್ಕೆ ಮುಗಿಯುತ್ತದೆ. ನಿನ್ನ ಅರವತ್ತೊಂದು ಇರಲಿಲ್ಲ, ಹದಿನಾರು ಒತ್ತಿದೆ. ಅಂಕೆ ಅದೇ ಅಲ್ವಾ?”

“ಹೆಸರಾದರೂ ಸರಿ ಉಂಟಾ?”

“ಮನೆಯಲ್ಲಿ ಕರೆಯುವ ಹೆಸರು ಕೇಳಿದ್ರು. ಬಾಬಾ ಅಂತ ಹಾಕಿದೆ.”

“ಅದು ಸಣ್ಣವನಿದ್ದಾಗ ನನ್ನ ಅಮ್ಮ ಕರೆಯುತ್ತಿದ್ದದ್ದು. ನಾನು ಹೋಗುವುದಿಲ್ಲ.”

“ಹೋಗಬೇಡ. ಬರುವ ತಿಂಗಳು ಮಗಳ ಮದುವೆಯಲ್ಲಿ ಅಪ್ಪ-ಮಗಳ ಡ್ಯಾನ್ಸಿಗೆ ಮೈಕಿನಲ್ಲಿ ಕರೆಯುವಾಗ ಮೊಣಕಾಲು ನೋವು ಅಂತ ಕೂತುಕೋ. ನಮ್ಮ ಮದುವೆಯಲ್ಲೂ ಹಾಗೇ ಕೂತಿದ್ದಿ.”

“ಆಗ ನಿಜವಾಗಿ ನೋವಿತ್ತು.”

“ಊಟಕ್ಕೆ ಕರೆದಾಗ ಓಡಿದ್ದಿ.”



“ಬಾಟ್ಲಿ ದೊಡ್ಡದು ಬೇಕಾ, ಸಣ್ಣದು ಸಾಕಾ?”

ಅವರ ಟೋಕನ್ ಕೂಗಿದರು. ಇಬ್ಬರೂ ಎದ್ದು ಒಳಗೆ ಹೋದರು.

ದೊಡ್ಡವರಿಗೆ ಆ ಶಾಲೆಯಲ್ಲಿ ಪ್ರವೇಶವಿಲ್ಲ. ಅಶ್ಮಿತಾ ಆಗಷ್ಟೇ ಒಪ್ಪಿದ್ದ ಅರ್ಜಿಯನ್ನು ಮತ್ತೆ ತೆರೆದಳು: ಬಾಬಾ, ವಯಸ್ಸು ಹದಿನಾರು. ರದ್ದು ಎಂಬಲ್ಲಿಗೆ ಹೋದ ಬೆರಳನ್ನು ಹಿಂದಕ್ಕೆ ತೆಗೆದುಕೊಂಡಳು. ಶನಿವಾರ ಹದಿನಾರರ ಬಾಬಾನನ್ನು ಕಣ್ಣಾರೆ ಕಂಡ ಮೇಲೆ ಶಾಲೆಯ ಮೇಡಂ ಬೇಕಾದರೆ ಬೈಯಲಿ, ಅಲ್ಲಿಯವರೆಗೆ ಯಾರಿಗೂ ಹೇಳುವುದು ಬೇಡ ಎಂದುಕೊಂಡು ಮೊಬೈಲನ್ನು ಚೀಲಕ್ಕೆ ಹಾಕಿದಳು.