ಬಿಡದಿವರೆಗಿನ ಓದು

ಮಧ್ಯಾಹ್ನ ರಾಮನಗರದ ಬಸ್ ನಿಲ್ದಾಣದಲ್ಲಿ ಕನಕಪುರದ ಬಸ್ಸಿಗೆ ಕಾಯುತ್ತಿದ್ದ ಮಾರಕ್ಕನ ಕಿವಿಗೆ ಪಕ್ಕದ ಹುಡುಗಿಯರ ಮಾತು ಬಿತ್ತು. ರಂಜಿತಾಳ ಕೊರಳಲ್ಲಿ ಫ್ಯಾಕ್ಟರಿಯ ಐಡಿ ಕಾರ್ಡು ಇತ್ತು. ಭವ್ಯ ಪುಸ್ತಕವನ್ನು ಎದೆಗೆ ಅವುಚಿಕೊಂಡಿದ್ದಳು.

“ನಾಳೆ ಪರೀಕ್ಷೆ ಕಣೆ ರಂಜಿ. ಈ ಸಲಾನೂ ಫೇಲಾದ್ರೆ ಅಪ್ಪ ಕಾಲೇಜು ಬುಡುಸ್ತದೆ. ಇವತ್ತೊಂದಿನ ರಜಾ ಹಾಕು.”

“ಹೋದ ವಾರವೆಲ್ಲಾ ಹಾಕಿವ್ನಿ ಭವ್ಯ. ಇನ್ನೂ ಹಾಕುದ್ರೆ ಕೆಲಸದಿಂದ ತೆಗೀತಾರೆ. ನಂಗೇನ್ ನಿನ್ ಪಾಠ ಬತ್ತದಾ?”

“ಏನೂ ಹೇಳ್ಕೊಡಬ್ಯಾಡ. ನಿನ್ ಪಾಡಿಗೆ ಅವರೆಕಾಯಿ ಸುಲೀತಾ ಪಕ್ಕದಲ್ಲಿ ಕೂತಿರು, ಸಾಕು.”

“ನಾನೇನು ದೃಷ್ಟಿಬೊಂಬೆನಾ?”

“ನಗಬ್ಯಾಡ ಕಣೆ. ಎಡಿಎಚ್‌ಡಿ ಅಂತ ಡಾಕ್ಟ್ರು ಹೇಳಿಲ್ವಾ? ಮಾತ್ರೆ ನುಂಗಿದ್ರೂ ಒಬ್ಳೇ ಕೂತ್ರೆ ಮನಸು ನಿಲ್ಲಲ್ಲ. ಬೆಳಗ್ಗಿಂದ ಒಂದೇ ಪುಟದಲ್ಲಿ ಇವ್ನಿ.”

“ನಿಮ್ಮವ್ವನ್ನ ಕೂರುಸ್ಕೊ.”

“ಅವ್ವ ಕೂತ್ರೆ ಬೈಗುಳ ನಿಲ್ಲಲ್ಲ.”

ಬಿಡದಿ ಬಸ್ಸು ಬಂತು. ರಂಜಿತಾ ಹತ್ತಿ ಕಿಟಕಿಯ ಸೀಟು ಹಿಡಿದಳು. ಹಿಂದೆಯೇ ಭವ್ಯಳೂ ನುಗ್ಗಿದಳು.

“ನೀನೆಲ್ಲಿಗಮ್ಮಿ?”

“ಬಿಡದಿಗಂಟ ನೀನು ಪಕ್ಕದಲ್ಲಿರ್ತೀಯಲ್ಲ. ಹೆಂಗಸರಿಗೆ ಟಿಕೆಟ್ ಫ್ರೀ ಐತೆ. ಒಸಿ ಸರ್ಕೊ.”

“ನಾನು ಇಳಿದ ಮ್ಯಾಕೆ?”

“ವಾಪಸ್ ಬಸ್ಸಲ್ಲಿ ಯಾರಾದ್ರೂ ಪಕ್ಕದಲ್ಲಿ ಕೂತೇ ಕೂರ್ತಾರೆ. ಸುಮ್ಕಿರು, ಮಾತಾಡುಸ್ಬ್ಯಾಡ.”

ಬಸ್ಸು ತಿರುಗಿಕೊಂಡು ಹೊರಟಾಗ ಮಾರಕ್ಕನಿಗೆ ಕಿಟಕಿಯಲ್ಲಿ ಕಂಡಿದ್ದು ರಂಜಿತಾಳ ಪಕ್ಕದಲ್ಲಿ ಪುಸ್ತಕದ ಮೇಲೆ ಬಗ್ಗಿದ ಭವ್ಯಳ ತಲೆ.