ಹದಿನಾಲ್ಕನೇ ಸೀಟಿನ ಕೆಳಗೆ

ಬಸ್ಸಿನಡಿ ಬೀದಿನಾಯಿ ಸಿಕ್ಕಿಕೊಂಡಿದೆ ಎಂದೇ ಅವತ್ತು ಎಲ್ಲರೂ ನಂಬಿದ್ದರು. ಪ್ರವಾಸಿಗಳು ನಂಬಿದರು, ಡ್ರೈವರ್ ರಾಸಿಮ್ ನಂಬಿದ, ಗೈಡ್ ನೆವ್ರಾ ಕೂಡ ನಂಬಿದಳು. ಸೆಲ್ಚುಕ್ ಊರಿನಲ್ಲಿ ಇದನ್ನು ರಾತ್ರಿ ಹೊತ್ತು, ದನಿ ತಗ್ಗಿಸಿ ಹೇಳುತ್ತಾರೆ. ನಡೆದದ್ದು ಮಾತ್ರ ಮಧ್ಯಾಹ್ನ ಮೂರೂವರೆಗೆ, ಸುಡುಬಿಸಿಲಲ್ಲಿ.

ಹಡಗಿನಿಂದ ಇಳಿದವರಿಗೆ ಬೆಳಿಗ್ಗೆ ಮೇರಿಮಾತೆಯ ಮನೆ, ಆಮೇಲೆ ಎಫೆಸಸ್ಸಿನ ಹಾಳೂರು, ಕೊನೆಗೆ ಏಳು ಜನ ಮಲಗಿದ ಗುಹೆ. ಎರಡು ಸಾವಿರ ವರ್ಷಕ್ಕೆ ಐದು ಗಂಟೆ, ಅದರಲ್ಲಿ ಮುಕ್ಕಾಲು ಗಂಟೆ ಶೌಚಾಲಯದ ಸಾಲಿಗೆ. ನೆವ್ರಾ ಪುರಾತತ್ವ ಓದಿದವಳು. ಗುಹೆಯ ಮುಂದೆ ನಿಂತು ದಿನವೂ ಒಂದೇ ಮಾತು ಹೇಳುತ್ತಿದ್ದಳು.

"ಏಳು ಜನ ಮಲಗಿದರಂತೆ, ಮುನ್ನೂರು ವರ್ಷ ಬಿಟ್ಟು ಎದ್ದರಂತೆ. ಅಷ್ಟೂ ಕಾಲ ಬಾಗಿಲಲ್ಲಿ ಅವರ ನಾಯಿ ಕಾದಿತ್ತಂತೆ. ಈ ಬೇಲಿ ತುಂಬ ಕಟ್ಟಿರೋದು ಹರಕೆ ಚಿಂದಿ. ಬರೀ ಬಟ್ಟೆಚೂರು. ಮೂಢನಂಬಿಕೆ."

ಜನ ನಕ್ಕರು. ದಿನವೂ ನಗುತ್ತಿದ್ದರು.

ಬಸ್ಸು ಹತ್ತಿಸಿ ತಲೆ ಎಣಿಸುವಾಗ ಹದಿನಾಲ್ಕನೇ ಸೀಟಿನ ಹಾರ್ಲನ್ ಹೆಂಡತಿಗೆ ಏನನ್ನೋ ತೋರಿಸುತ್ತಿದ್ದ. ನಿವೃತ್ತ ದಂತವೈದ್ಯ. ಕೈಯಲ್ಲಿ ಉಗುರು ಕತ್ತರಿ, ಇನ್ನೊಂದು ಕೈಯಲ್ಲಿ ಬೇಲಿಯಿಂದ ಕತ್ತರಿಸಿದ ನೀಲಿ ಚೌಕಳಿಯ ಬಟ್ಟೆಪಟ್ಟಿ, ತುದಿಯಲ್ಲಿ ಬಿಳಿ ಗುಂಡಿ.

ನೆವ್ರಾಳ ಎಣಿಕೆ ನಿಂತಿತು. ಅದು ಅವಳ ತಮ್ಮ ಓಕ್ತಾಯ್‌ನ ಅಂಗಿಯ ತೋಳು. ಹತ್ತು ದಿನದ ಹಿಂದೆ, ಬೆಳಕು ಹರಿಯುವ ಮುಂಚೆ, ಯಾರಿಗೂ ಹೇಳದೆ ಅವಳೇ ಬೇಲಿಗೆ ಕಟ್ಟಿದ್ದು.

"ಅದನ್ನ ಕೊಡಿ."

"ಯಾಕೆ?"

"ಅದು ನಿಮ್ಮದಲ್ಲ."

"ಬರೀ ಬಟ್ಟೆಚೂರು ಅಂತ ನೀವೇ ಹೇಳಿದ್ರಲ್ಲಮ್ಮ!"

ಬಸ್ಸಿಡೀ ನಕ್ಕಿತು. ಹಾರ್ಲನ್ ಪಟ್ಟಿಯನ್ನು ಚೀಲಕ್ಕೆ ತುರುಕಿ ಕಾಲಡಿ ಇಟ್ಟುಕೊಂಡ. ನೆವ್ರಾಳ ಕಿವಿ ಕಾದವು. ಅವನ ಮೇಲೆ ಎಷ್ಟು ಸಿಟ್ಟೋ ತನ್ನ ನಾಲಿಗೆಯ ಮೇಲೆ ಅದರ ಎರಡರಷ್ಟು.

"ಬಿಡು ತಂಗಿ," ಎಂದ ರಾಸಿಮ್ ಮೆಲ್ಲಗೆ. "ಐದಕ್ಕೆ ಹಡಗು. ಇವನು ದೂರು ಕೊಟ್ರೆ ನಿನ್ನ ಕೆಲಸ ಹೋಗುತ್ತೆ."

"ಹೋಗ್ಲಿ."

"ಚಿಂದಿಗೋಸ್ಕರ? ನೀನು?"

ಅವಳು ಹೋಗಿ ತನ್ನ ಸೀಟಿನಲ್ಲಿ ಕೂತಳು. ಬಸ್ಸು ಹೊರಟಿತು.

ಪೀಚ್ ತೋಟಗಳ ಹತ್ತಿರ ಶುರುವಾಯಿತು... ಕರ್ರ್... ಕರ್ರ್... ಕರ್ರ್. ಮುಚ್ಚಿದ ಬಾಗಿಲನ್ನು ನಾಯಿ ಕೆರೆಯುತ್ತದಲ್ಲ, ಹಾಗೆ. ನಡುವೆ ಮೂಗಿನಿಂದ ಗಾಳಿ ಬಿಟ್ಟ ಸದ್ದು... ಹುಫ್.

"ಕೆಳಗೆ ನಾಯಿ ಸಿಕ್ಕಿಕೊಂಡಿದೆ!" ಯಾರೋ ಕೂಗಿದರು.

ರಾಸಿಮ್ ನಿಲ್ಲಿಸಿ, ಇಳಿದು ಬಗ್ಗಿ ನೋಡಿದ. ಸಾಮಾನಿನ ಡಿಕ್ಕಿ ತೆಗೆದ. ಏನೂ ಇಲ್ಲ. ಮತ್ತೆ ಹೊರಟ. ಮತ್ತೆ... ಕರ್ರ್. ಈಗ ಜೋರು. ಹಾರ್ಲನ್ ಎರಡೂ ಕಾಲು ಎತ್ತಿ ಸೀಟಿನ ಮೇಲಿಟ್ಟುಕೊಂಡಿದ್ದ.

ನೆವ್ರಾ ಎದ್ದು ಹೋಗಿ ಅವನ ಮುಂದೆ ನಿಂತಳು. ಕೂಗಲಿಲ್ಲ. ಹಲ್ಲು ಕಚ್ಚಿ, ಪಿಸುಗುಟ್ಟಿದಳು.

"ಅದು ನನ್ನ ತಮ್ಮನ ಅಂಗಿ. ಇಜ್ಮಿರ್ ಆಸ್ಪತ್ರೆಯಲ್ಲಿದ್ದಾನೆ. ಹನ್ನೊಂದು ದಿನ ಆಯ್ತು, ಕಣ್ಣು ಬಿಟ್ಟಿಲ್ಲ. ಬೇಲಿಗೆ ಕಟ್ಟಿದ್ದು ನಾನು. ಕೇಳಿಸ್ತಾ? ನಾನು! ಈಗ ಬೇಕಾದ್ರೆ ನಗಿ."

ಯಾರೂ ನಗಲಿಲ್ಲ. ಕೆರೆತ ಮಾತ್ರ ನಡೆದೇ ಇತ್ತು. ಹಾರ್ಲನ್‌ನ ಹೆಂಡತಿ ಗಂಡನ ಮುಖವನ್ನೂ ನೋಡದೆ ಬಗ್ಗಿ, ಚೀಲ ಎಳೆದು, ಪಟ್ಟಿ ತೆಗೆದು ನೆವ್ರಾಳ ಕೈಗಿಟ್ಟಳು.

ಸದ್ದು ನಿಂತಿತು.

"ಇಳಿದು ಹೋಯ್ತು ನಾಯಿ," ಎಂದ ರಾಸಿಮ್. ಗಂಟೆಗೆ ಎಂಬತ್ತು ಕಿಲೋಮೀಟರ್ ವೇಗದಲ್ಲಿ ಯಾವ ನಾಯಿ ಇಳಿಯುತ್ತದೆ ಎಂದು ಯಾರೂ ಕೇಳಲಿಲ್ಲ.

ಹಾರ್ಲನ್ ಹಡಗು ಹತ್ತುವ ಮುಂಚೆಯೇ ದೂರು ಬರೆದುಕೊಟ್ಟ. ಪ್ರವಾಸದ ಕಂಪನಿಯವರು ಆ ಹಂಗಾಮಿಡೀ ನೆವ್ರಾಳನ್ನು ಕರೆಯಲಿಲ್ಲ. ಅವಳೂ ಕೇಳಿಕೊಂಡು ಹೋಗಲಿಲ್ಲ. ಅವತ್ತು ಬಂದರಿನಿಂದ ನೇರ ಗುಹೆಗೆ ಹೋದಳು. ದೂರಿನ ವಿಚಾರಣೆ ಮುಗಿಸಿ ತಲುಪುವಾಗ ಕತ್ತಲಾಗಿತ್ತು. ಅತ್ತಿಮರ ದಾಟಿ, ಬೇಲಿ ತಡಕಿ ಪಟ್ಟಿ ಕಟ್ಟಿದಳು. ಯಾರಾದರೂ ನೋಡಿದರೆ ನೋಡಲಿ ಎಂದು ಮೂರು ಗಂಟು ಹಾಕಿದಳು.

ನಾಲ್ಕನೇ ದಿನ ಓಕ್ತಾಯ್ ಕಣ್ಣು ಬಿಟ್ಟು ನೀರು ಕೇಳಿದ. ಅದು ಔಷಧಿಯ ಕೆಲಸ ಎನ್ನುತ್ತಾಳೆ ನೆವ್ರಾ, ಇವತ್ತಿಗೂ. ಔಷಧಿ ಬದಲಾಯಿಸಿದ್ದು ನಿಜ. ಅದರ ಬಗ್ಗೆ ವಾದ ಬೇಡ.

ಆದರೆ ಬಸ್ಸಿನದು ಬೇರೆ. ರಾಸಿಮ್ ಕುಡಿಯುವವನಲ್ಲ, ಕತೆ ಕಟ್ಟುವವನೂ ಅಲ್ಲ. ಅವತ್ತು ಸಂಜೆ ಬಸ್ಸು ತೊಳೆಯಲು ಕೊಂಡುಹೋಗಿ ಅದರ ಕೆಳಗೆ ನುಗ್ಗಿ ಟಾರ್ಚು ಬಿಟ್ಟ. ತಿಂಗಳ ಧೂಳು ಕೂತಲ್ಲೇ ಕೂತಿತ್ತು, ಒಂದು ಗೆರೆ ಇಲ್ಲ. ಕಸ ಗುಡಿಸಲು ಒಳಗೆ ಹತ್ತಿದ. ಹದಿನಾಲ್ಕನೇ ಸೀಟಿನ ಕೆಳಗೆ ರಬ್ಬರ್ ಹಾಸು ಕಿತ್ತುಬಂದಿತ್ತು, ನಾಲ್ಕು ನಾಲ್ಕು ಉಗುರಿನ ಗೀರು.

ಗೀರು ಬಸ್ಸಿನ ಒಳಗಿತ್ತು.